ಗೃಹಜಲಸ್ತಂಭನ ಮೀಮಾಂಸೆ

ಜಲಸ್ತಂಭನ ವಿದ್ಯೆಯ ಆದ್ಯ ಸಾಧಕ ದುರ್ಯೋಧನ. ಪಾಪ, ಅವನು ವೈಶಂಪಾಯನ ಸರೋವರವನ್ನು ತಾನೇ ಹುಡುಕಿಕೊಂಡು ಹೋಗಬೇಕಾಯಿತು. ಬೆಂಗಳೂರಿನ ನೆಲಮಹಡಿಯವರಿಗೆ ಆ ಶ್ರಮವಿಲ್ಲ. ಸರೋವರವೇ ಬಾಗಿಲಿಗೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ, ದೊಡ್ಡ ನದಿಯೊಂದೂ ಇಲ್ಲದ ಊರಿಗೆ ನೆರೆ ಅಸಂಭವವೆಂಬುದು ಪೂರ್ವಪಕ್ಷ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆಯ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದದ್ದು ಅದರ ಖಂಡನೆ.

ನೀರು ಮನೆ ಹೊಗುವ ಮಾರ್ಗ ಯಾವುದು? ತಲೆಬಾಗಿಲು ಎನ್ನುತ್ತಾರೆ ಪ್ರಾಚೀನರು. ಇವರು ಮರಳುಮೂಟೆ ಸಂಪ್ರದಾಯದವರು. ಮೂಟೆಯನ್ನು ಅರ್ಧವಷ್ಟೇ ತುಂಬಿ, ಗೋಡೆಯ ಇಟ್ಟಿಗೆಯ ಹಾಗೆ ಸಂದು ತಪ್ಪಿಸಿ ಜೋಡಿಸಿ, ತುಳಿದು ಚಪ್ಪಟೆ ಮಾಡಬೇಕೆಂಬಷ್ಟರ ಮಟ್ಟಿಗೆ ಇವರ ಮತ ಗ್ರಾಹ್ಯ. ಆದರೆ ಮುಂದುಗಡೆ ಕೋಟೆ ಕಟ್ಟಿ ಬೆವರೊರೆಸಿಕೊಳ್ಳುತ್ತಿರುವಾಗಲೇ ಹಿಂದೆ ಬಚ್ಚಲ ಜಾಲರಿ ಗುಳುಗುಳು ಎನ್ನುತ್ತದೆ. ಮೊದಲು ಮೀಸೆಯಾಡಿಸುತ್ತಾ ಎರಡು ಜಿರಲೆ. ಅವುಗಳ ಬೆನ್ನಿಗೇ ಇಡೀ ಬೀದಿಯ ಮೋರಿ. ತುಂಬಿ ತುಳುಕಿದ ಒಳಚರಂಡಿ ಹಿಮ್ಮುಖವಾಗಿ ಬಂದು ಮನೆಯ ಅತಿ ತಗ್ಗಿನ ತೂತನ್ನೇ ಹುಡುಕುತ್ತದೆ. ಹೊರಹೋಗುವ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಿಸಬೇಕೆಂಬ ನವ್ಯರ ಸೂತ್ರ ಇಲ್ಲಿ ನಿರ್ವಿವಾದ. ಜಿರಲೆಗೆ ಹವಾಮಾನ ಇಲಾಖೆಯ ಮಾನ್ಯತೆ ಕೊಡಬೇಕೆಂಬ ನನ್ನ ವಾದಕ್ಕೆ ಮಾತ್ರ ಮನೆಯಲ್ಲೇ ಭಿನ್ನಮತವಿದೆ.

ಇನ್ನು ಗೃಹಾವತರಣ ಸಿದ್ಧಾಂತ. ಹಳೆಯ ಬಡಾವಣೆಗಳಲ್ಲಿ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಮನೆ ಕುಸಿಯುತ್ತಿದೆಯೆಂದು ಅಂಜುಬುರುಕರು ಭ್ರಮಿಸುತ್ತಾರೆ. ಹಳೇ ಡಾಂಬರು ಕೀಳದೆ ಅದರ ಮೇಲೇ ಹೊಸದನ್ನು ಸುರಿಯುವುದರಿಂದ ಚುನಾವಣೆಗೊಮ್ಮೆ ರಸ್ತೆಯೇ ಮೇಲೇರುತ್ತಿದೆ. ಮುಂದಿನ ಪುರಾತತ್ವಜ್ಞರು ಪದರ ಎಣಿಸಿ ಶಾಸಕರ ಕಾಲನಿರ್ಣಯ ಮಾಡಬಹುದು. ಪರಿಹಾರವೆಂದು ಒಬ್ಬರು ಹೊಸ್ತಿಲು ಎತ್ತರಿಸುತ್ತಾರೆ, ಆ ನೀರು ಪಕ್ಕದ ಮನೆಗೆ. ಅವರು ಇನ್ನೆರಡು ಇಟ್ಟಿಗೆ ಏರಿಸುತ್ತಾರೆ. ಕೊನೆಯ ಮನೆಯವರು ಸಾಮಾನ್ಯವಾಗಿ ಬಾಡಿಗೆದಾರರು.

ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನೂ ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣವನ್ನೂ ಕಟ್ಟಿದ ಪರಂಪರೆ ನಮ್ಮದು. ಕೆರೆಯಿಂದ 75 ಮೀಟರ್, ದೊಡ್ಡ ರಾಜಕಾಲುವೆಯಿಂದ 50 ಮೀಟರ್ ಬಿಟ್ಟು ಕಟ್ಟಿ ಎಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮೊಕದ್ದಮೆಯಲ್ಲಿ ನೀರು ಕಕ್ಷಿದಾರನಾಗಿರಲಿಲ್ಲವಾದ್ದರಿಂದ ಎರಡೂ ತೀರ್ಪು ತನಗೆ ಅನ್ವಯಿಸುವುದಿಲ್ಲವೆಂದು ಅದು ಭಾವಿಸಿದಂತಿದೆ.

ಫಲಶ್ರುತಿ: ಯಾರು ನೀರು ಹೊಸ್ತಿಲು ಮುಟ್ಟುವ ಮೊದಲೇ ಮೇನ್ ಸ್ವಿಚ್ ಆರಿಸುತ್ತಾರೋ, ಯುಪಿಎಸ್ ಬ್ಯಾಟರಿಯನ್ನು ನೆಲ ಬಿಟ್ಟು ಎತ್ತರದಲ್ಲಿಟ್ಟಿರುತ್ತಾರೋ, ನೆಲಮಾಳಿಗೆಯಲ್ಲಿ ಮುಳುಗಿದ ಕಾರನ್ನು ‘ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ’ ಎನ್ನುವುದಿಲ್ಲವೋ, ಅವರಿಗೆ ವಿಮಾಪ್ರಾಪ್ತಿ. ಕೀಲಿ ತಿರುಗಿಸಿ ಎಂಜಿನ್ನಿಗೆ ನೀರು ಕುಡಿಸಿದವರು ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿರದಿದ್ದರೆ, ಅವರಿಗೆ ಸರ್ವೇಯರ್ ದರ್ಶನ ಮಾತ್ರ.