ಅತ್ತಿಗೆಯ ಮುಂಗೈ ಲೇಔಟ್

“ನಂದು ಸೆನ್ಸಿಟಿವ್ ಸ್ಕಿನ್ನು” ಎನ್ನುವಾಗ ನಮ್ಮ ಅತ್ತಿಗೆಯ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಹಿಂದಿನವರು “ನಮ್ಮದು ದೊಡ್ಡ ಮನೆತನ” ಎನ್ನುವಾಗ ಇಳಿಯುತ್ತಿತ್ತಲ್ಲ, ಹಾಗೆ. ಕೇಳಿದವರು “ಅಯ್ಯೋ ಪಾಪ” ಅನ್ನಬೇಕು, ಜೊತೆಗೆ ಒಂದು ಗುಲಗಂಜಿಯಷ್ಟು ಹೊಟ್ಟೆಕಿಚ್ಚನ್ನೂ ಪಡಬೇಕು. ಅರಿಶಿನ ಕುಂಕುಮಕ್ಕೆ ಹೋದಲ್ಲಿ ಗಂಧ ಹಚ್ಚಲು ಬಂದವರನ್ನು ತಡೆದು, “ತೇಯ್ದಿದ್ದಾ, ಡಬ್ಬೀದಾ?” ಎಂದು ಕೇಳುತ್ತಾರೆ. ಡಬ್ಬಿಯದಾದರೆ ಕೈ ಹಿಂದಕ್ಕೆ ಹೋಗುತ್ತದೆ. ಇದೇ ಅತ್ತಿಗೆ ಗಾಂಧಿಬಜಾರಿನಲ್ಲಿ ನಿಂತು ನಾಲ್ಕು ಮೆಣಸಿನಕಾಯಿ ಬಜ್ಜಿಯನ್ನು ಕಣ್ಣಲ್ಲಿ ನೀರಿಲ್ಲದೆ ಮುಗಿಸುತ್ತಾರೆ. ಮೀಟರಿನ ಮೇಲೆ ಇಪ್ಪತ್ತು ಕೇಳಿದ ಆಟೋದವನು ಅವರ ಬಾಯಿಗೆ ಹೆದರಿ ಹತ್ತು ಬಿಟ್ಟು ಹೋದದ್ದನ್ನು ನಾನೇ ಕಂಡಿದ್ದೇನೆ. ಇದನ್ನು ನೆನಪಿಸಿದರೆ, “ಅದು ನಾಲಿಗೆ ಕಣೇ, ಇದು ಚರ್ಮ. ನಿನಗೇನು ಗೊತ್ತು? ನಿಂದು ಎಮ್ಮೆ ಚರ್ಮ, ಪುಣ್ಯವಂತೆ” ಎನ್ನುತ್ತಾರೆ. ಇದು ಬೈಗುಳವೋ ಆಶೀರ್ವಾದವೋ ಹನ್ನೆರಡು ವರ್ಷದಿಂದ ನನಗೆ ಬಗೆಹರಿದಿಲ್ಲ.

ಚಿಕ್ಕಪ್ಪನ ಮಗಳ ಮದುವೆ ಗೊತ್ತಾದದ್ದು ಮುಂದೆ ನಡೆದದ್ದಕ್ಕೆಲ್ಲ ಮೂಲ. ಎರಡು ತಿಂಗಳಿತ್ತು. ಈಗಿನ ಮದುವೆ ವಿಡಿಯೋದವರು ತಾಳಿ ಕಟ್ಟುವುದನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಬಂದವರ ಮುಖದ ಹತ್ತಿರಕ್ಕೇ ಬಂದು ನಿಲ್ಲುತ್ತಾರೆ. ಆ ಕ್ಯಾಮೆರಾದಲ್ಲಿ ಮೇಲ್ದುಟಿಯ ಕೂದಲು ಎಣಿಸಬಹುದಂತೆ. ಅತ್ತಿಗೆ ಕಿಟಕಿಯ ಬೆಳಕಿಗೆ ಮುಖ ಒಡ್ಡಿ, “ನೋಡು, ಎಷ್ಟಿದೆ” ಎಂದರು. ಕನ್ನಡಕ ಹಾಕಿಕೊಂಡು ನೋಡಿದರೂ ನನಗೆ ಕಂಡದ್ದು ಒಂದು ತೆಳು ನೆರಳು. ಹಾಗಂದೆ. “ನೆರಳು ಅಂದ್ಯಾ?” ಎಂದು ಅವರು ಕುರ್ಚಿಯ ಮೇಲೆ ಕುಸಿದರು. ತೆಗೆಸಲೇಬೇಕೆಂದು ಆಯಿತು. ಹೇಗೆ ಅನ್ನುವುದಷ್ಟೇ ಉಳಿದಿತ್ತು.

ಉಳಿದವರಾದರೆ ಪಾರ್ಲರಿಗೆ ಹೋಗುತ್ತಾರೆ, ಐದು ನಿಮಿಷ ಕಣ್ಣಲ್ಲಿ ನೀರು ತುಂಬಿಕೊಂಡು ಮನೆಗೆ ಬರುತ್ತಾರೆ. ಅತ್ತಿಗೆ ಮೊದಲು ಸರ್ವೇ ಮಾಡಿಸಿದರು.

ಕೂದಲು ತೆಗೆಯುವ ಯಾವ ಕ್ರೀಮಿನ ಡಬ್ಬಿಯ ಮೇಲಾದರೂ ಒಂದು ಸಾಲು ಇರುತ್ತದೆ: ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ, ಇಪ್ಪತ್ನಾಲ್ಕು ಗಂಟೆ ಕಾದು ನೋಡಿ. ಪ್ಯಾಚ್ ಟೆಸ್ಟು. ಆ ಸಾಲನ್ನು ಓದುವವರು ಲೋಕದಲ್ಲಿ ಕಡಿಮೆ. ಅತ್ತಿಗೆ ಓದಿದರು, ಓದಿ ಅದನ್ನೊಂದು ವ್ರತ ಮಾಡಿಕೊಂಡರು. ಎಡ ಮುಂಗೈಯ ಒಳಭಾಗದಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ಅಳತೆಯ ಚೌಕಗಳನ್ನು ಬರೆದರು. ಮಣಿಕಟ್ಟಿನಿಂದ ಮೊಣಕೈವರೆಗೆ ಎರಡು ಸಾಲು, ಸಾಲಿಗೆ ಮೂರು. ನಡುವೆ ಒಂದು ಬೆರಳಿನ ಅಂತರ. ಪ್ರತಿ ಚೌಕಕ್ಕೂ ನಂಬರು, ಪಕ್ಕದಲ್ಲಿ ತಾರೀಖು, ಹಚ್ಚಿದ ಹೊತ್ತು. ಥೇಟ್ ಬಿಡಿಎ ಲೇಔಟು. ಒಂದನೇ ನಂಬರಿಗೆ ಕ್ರೀಮು, ಎರಡಕ್ಕೆ ಇನ್ನೊಂದು ಕ್ರೀಮು, ಮೂರಕ್ಕೆ ತಣ್ಣನೆಯ ವ್ಯಾಕ್ಸಿನ ಪಟ್ಟಿ, ನಾಲ್ಕಕ್ಕೆ ಸಕ್ಕರೆ ನಿಂಬೆಹಣ್ಣಿನ ಪಾಕ, ಐದಕ್ಕೆ ಕಸ್ತೂರಿ ಅರಿಶಿನ ಕಡಲೆಹಿಟ್ಟು. ಆರು ಖಾಲಿ. “ಅದು ಯಾಕೆ ಖಾಲಿ?” ಎಂದೆ. “ಅದು ಪಾರ್ಕು ಅಂತ ಇಟ್ಕೋ” ಎಂದರು, ನಗದೆ. ಏನೂ ಹಚ್ಚದ ಜಾಗ ಕೆಂಪಾಗುತ್ತದೋ ಇಲ್ಲವೋ ಎಂದು ಹೋಲಿಸಿ ನೋಡಲಿಕ್ಕಂತೆ. ವಿಜ್ಞಾನಿಗಳೂ ಹೀಗೇ ಮಾಡುತ್ತಾರೆ, ಆ ಮಟ್ಟಿಗೆ ಅತ್ತಿಗೆಯನ್ನು ಮೆಚ್ಚಲೇಬೇಕು. ಆರನೆಯದೂ ಕೆಂಪಾಯಿತು. ಗಂಟೆಗೊಮ್ಮೆ ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದರೆ ಯಾವ ಪಾರ್ಕು ತಾನೇ ಹಸಿರಾಗಿರುತ್ತದೆ?

ಅಮ್ಮ ಕಾಫಿ ಕೊಡಲು ಬಂದವಳು ಕೈ ನೋಡಿ ಬೆಚ್ಚಿಬಿದ್ದಳು. “ಏನಮ್ಮಾ ಇದು, ಹಚ್ಚೆ ಹಾಕಿಸ್ಕೊಂಡ್ಯಾ?”

“ಅಲ್ಲ ಅತ್ತೆ, ಟೆಸ್ಟು.”

“ಪಾಸಾದ್ಯಾ?”

ಏಳು, ಎಂಟನೇ ನಂಬರುಗಳು ಬೇರೆ ಊರಿನಲ್ಲಿದ್ದವು, ಅಂದರೆ ಅಣ್ಣನ ಕೈ ಮೇಲೆ. ಹೆಚ್ಚು ಉರಿಯಬಹುದು ಎಂಬ ಅನುಮಾನ ಇದ್ದದ್ದನ್ನೆಲ್ಲ ಅತ್ತಿಗೆ ಮೊದಲು ಗಂಡನಿಗೆ ಹಚ್ಚುತ್ತಿದ್ದರು. ಅಣ್ಣ ಟೀವಿಯಲ್ಲಿ ಕ್ರಿಕೆಟ್ ನೋಡುವಾಗ ಕೈ ಚಾಚಿದರೆ ಸಾಕು. ಕೊನೆಯ ಓವರಿನ ರಭಸದಲ್ಲಿ ಹೊತ್ತು ಮೀರಿತು. ಐದು ನಿಮಿಷಕ್ಕೆ ತೊಳೆಯಬೇಕಾದ ಕ್ರೀಮು ಹದಿನೈದು ನಿಮಿಷ ನಿಂತಿತು. ತಮಾಷೆಯ ಮಾತಲ್ಲ ಅದು. ಅಂಥ ಕ್ರೀಮುಗಳಲ್ಲಿ ಇರುವುದು ಥಯೋಗ್ಲೈಕೊಲೇಟ್ ಎಂಬ ಲವಣ. ಜೊತೆಗೆ ಕ್ಷಾರದ ಮಟ್ಟ ಸುಮಾರು 12 ಪಿಎಚ್, ಹತ್ತಿರ ಹತ್ತಿರ ಸುಣ್ಣದ ತಿಳಿಯಷ್ಟು. ವೀಳ್ಯದೆಲೆಗೆ ಸುಣ್ಣ ಹೆಚ್ಚಾಗಿ ನಾಲಿಗೆ ಬೆಂದವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಕೂದಲನ್ನು ಗಟ್ಟಿಯಾಗಿ ಹಿಡಿದಿಟ್ಟಿರುವ ಕೆರಾಟಿನ್ನಿನ ಕೊಂಡಿಗಳನ್ನು ಅದು ಕಡಿಯುತ್ತದೆ. ಚರ್ಮದ ಮೇಲ್ಪದರವೂ ಕೆರಾಟಿನ್ನೇ. ಕೂದಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂದು ಕ್ರೀಮಿಗೆ ಗೊತ್ತಾಗುವುದಿಲ್ಲ, ಗಡಿಯಾರ ನೋಡುವ ಕೆಲಸ ನಮ್ಮದು. ಅಣ್ಣ ಮಾರನೆಯ ದಿನ ಕರಡಿಯಂಥ ಮುಂಗೈಯ ನಡುವೆ ಒಂದು ಚಚ್ಚೌಕ ಕೆಂಪು ಬಯಲನ್ನು ಹೊತ್ತು ಆಫೀಸಿಗೆ ಹೋದ. ಮೇ ತಿಂಗಳ ಸೆಕೆಯಲ್ಲೂ ತುಂಬುತೋಳು.

ಅಡ್ವಾನ್ಸ್ ಕೊಡುವ ಮುಂಚೆ ಮನೆ ನೋಡುವ ಹಾಗೆ ಅತ್ತಿಗೆ ಪಾರ್ಲರನ್ನೂ ನೋಡಲು ಹೋದರು. ಜೊತೆಗೆ ನಾನು. ಅಲ್ಲಿದ್ದ ಹುಡುಗಿ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಯಾರದೋ ಹುಬ್ಬಿನ ಮೇಲೆ ಬಗ್ಗಿದ್ದಳು. ದಾರ ಹುರಿಗೊಂಡು ಬಿಚ್ಚಿಕೊಳ್ಳುವ ಚರಚರ ಸದ್ದು. ಮಲಗಿದ್ದವರ ಕಾಲ್ಬೆರಳು ಮಾತ್ರ ಆ ಸದ್ದಿಗೆ ತಕ್ಕ ಹಾಗೆ ಮಡಿಚಿಕೊಳ್ಳುತ್ತಿತ್ತು. ಅತ್ತಿಗೆಯ ಕಣ್ಣು ಹುಬ್ಬಿನ ಕಡೆಗಿರಲಿಲ್ಲ, ಹಲ್ಲಿನ ಕಡೆಗಿತ್ತು. “ಬಾಯಿಗೆ ಹಾಕ್ಕೊಂಡ ದಾರ ಮುಖಕ್ಕಾ?” ಎಂದು ನನ್ನ ಕಿವಿಯಲ್ಲಿ ಅಂದರು. ಹುಡುಗಿಯ ಕಿವಿ ಚುರುಕು. ದಾರ ಬಾಯಲ್ಲಿಟ್ಟುಕೊಂಡೇ, “ಕುತ್ತಿಗೆಗೆ ಕಟ್ಕೊಂಡೂ ಮಾಡ್ತೀನಿ ಮೇಡಂ” ಎಂದಳು.

ಆಮೇಲೆ ವ್ಯಾಕ್ಸಿನ ವಿಚಾರಣೆ. ಅತ್ತಿಗೆ ಡಬ್ಬಿಯನ್ನು ತಿರುಗಿಸಿ, ಇರುವೆಯಂಥ ಅಕ್ಷರಗಳನ್ನು ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದರು. “ಇದರಲ್ಲಿ ಪೈನ್ ಮರದ ರಾಳ ಇದೆ. ಪಿಟೀಲಿನ ಕಮಾನಿಗೆ ಉಜ್ಜೋದು ಇದನ್ನೇ. ಕೆಲವರಿಗೆ ಅಲರ್ಜಿ ಆಗುತ್ತೆ.” ಮಾತು ನಿಜ. ರಾಳ ಅಲರ್ಜಿ ತರುವ ಪದಾರ್ಥವೆಂದು ಚರ್ಮದ ವೈದ್ಯರೂ ಒಪ್ಪುತ್ತಾರೆ. ಆದರೆ ಹುಡುಗಿಗೆ ಪಿಟೀಲಿನ ಸಂಬಂಧ ಹೊಳೆಯಲಿಲ್ಲ. “ಹಾಗಾದ್ರೆ ಚಾಕೊಲೇಟ್ ವ್ಯಾಕ್ಸ್ ತಗೊಳ್ಳಿ ಮೇಡಂ, ಸೆನ್ಸಿಟಿವ್‌ಗೇ ಇರೋದು. ಇನ್ನೂರು ಜಾಸ್ತಿ.”

“ಚಾಕೊಲೇಟ್ ತಿಂದ್ರೇ ನಂಗೆ ಮೊಡವೆ ಬರುತ್ತೆ.”

“ತಿನ್ನೋದಲ್ಲ ಮೇಡಂ.”

ಹಣೆಯ ಮೇಲಿನದು, ಗಲ್ಲದ ಮೇಲಿನದು, ಕಿವಿಯ ಪಕ್ಕದ್ದು ಎಂದು ಹುಡುಗಿ ಹೊಸ ಹೊಸ ಕೂದಲುಗಳನ್ನು ತೋರಿಸತೊಡಗಿದಳು. ಒಂದು ನೆರಳನ್ನು ಹೊತ್ತು ಒಳಗೆ ಹೋದ ಅತ್ತಿಗೆ ಹೊರಗೆ ಬರುವಾಗ ಇಡೀ ಕಾಡನ್ನೇ ಹೊತ್ತಿದ್ದರು. ತೆಗೆಸಿದ್ದು ಒಂದೂ ಇಲ್ಲ. ನಾನು ಸುಮ್ಮನೆ ಕೂತಿರಲಾರದೆ ಹುಬ್ಬು ಮಾಡಿಸಿಕೊಂಡು ಬಂದೆ.

ಇಷ್ಟು ಹೊತ್ತಿಗೆ ಅವರು ಪಂಡಿತರಾಗಿದ್ದರು. ಅನ್ನಕ್ಕೆ ಸಾರು ಬಡಿಸುವಾಗ, “ಗೊತ್ತಾ, ಕೂದಲಿನ ಬುಡಕ್ಕೆ ಕರೆಂಟು ಕೊಟ್ಟು ತೆಗೆಯೋದನ್ನ ಶುರು ಮಾಡಿದ್ದು ಒಬ್ಬ ಅಮೆರಿಕದ ಕಣ್ಣಿನ ಡಾಕ್ಟ್ರು, ಚಾರ್ಲ್ಸ್ ಮಿಶೆಲ್ ಅಂತ, 1875ರಲ್ಲಿ. ರೆಪ್ಪೆ ಕೂದಲು ಒಳಕ್ಕೆ ತಿರುಗಿ ಕಣ್ಣಿಗೆ ಚುಚ್ಚುತ್ತಲ್ಲ, ಅದಕ್ಕೆ” ಎನ್ನುವರು. ಮಜ್ಜಿಗೆಯ ಹೊತ್ತಿಗೆ 1920ರ ದಶಕಕ್ಕೆ ಬಂದು, ಅಮೆರಿಕದ ಸಲೂನುಗಳಲ್ಲಿ ಹೆಂಗಸರ ಮುಖಕ್ಕೆ ಎಕ್ಸ್‌ರೇ ಬಿಟ್ಟು ಕೂದಲು ಉದುರಿಸುತ್ತಿದ್ದರೆಂದೂ, ಎಷ್ಟೋ ಜನರಿಗೆ ವರ್ಷಗಳ ಮೇಲೆ ಕ್ಯಾನ್ಸರ್ ಬಂತೆಂದೂ ಹೇಳುವರು. ಅಣ್ಣ ಮಜ್ಜಿಗೆ ಬಿಟ್ಟು ಏಳುವನು. ನೆಂಟರು, ಪಕ್ಕದ ಮನೆಯವರು, ಹಾಲಿನ ಅಂಗಡಿಯ ಸಾಲಿನಲ್ಲಿ ಸಿಕ್ಕವರು ಎಲ್ಲರೂ ಅವರ ಬಳಿ ಸಲಹೆ ಪಡೆದರು, ಪಡೆದು ತಂತಮ್ಮ ಕೂದಲು ತೆಗೆಸಿಕೊಂಡು ಹಾಯಾಗಿದ್ದರು. ಸಲಹೆ ಕೊಟ್ಟವರ ಮೇಲ್ದುಟಿಯಲ್ಲಿ ನೆರಳು ಹಾಗೇ ಇತ್ತು.

ಮದುವೆಗೆ ಮೂರು ವಾರ ಇದ್ದಾಗ ಚರ್ಮದ ಡಾಕ್ಟರ ಬಳಿಗೆ ಹೋದೆವು. ಅತ್ತಿಗೆ ಕೈಯ ಲೇಔಟಿನ ಫೋಟೊಗಳನ್ನು ದಿನವಾರು ಜೋಡಿಸಿಕೊಂಡು ಬಂದಿದ್ದರು. ಡಾಕ್ಟರಮ್ಮ ಅದನ್ನು ತಾಳ್ಮೆಯಿಂದ ನೋಡಿದರು. ಮುಟ್ಟು ಸರಿಯಾಗಿ ಆಗುತ್ತದಾ, ಕೂದಲು ಇದ್ದಕ್ಕಿದ್ದ ಹಾಗೆ ಹೆಚ್ಚಾಯಿತಾ ಎಂದು ಕೇಳಿದರು. ಹಾಗೇನಾದರೂ ಇದ್ದರೆ ಹಾರ್ಮೋನಿನ ಪರೀಕ್ಷೆ ಮಾಡಿಸಬೇಕಂತೆ. ಹಾಗೇನೂ ಇರಲಿಲ್ಲ. ಭೂತಗನ್ನಡಿ ಹಿಡಿದು ಮುಖ ನೋಡಿದರು. ನೋಡಿ ಅಂದರು: “ನಿಮ್ಮ ಸ್ಕಿನ್ ನಾರ್ಮಲ್ ಆಗಿದೆಯಲ್ಲಾ.”

ಅತ್ತಿಗೆಯ ಮುಖ ಆಗ ಕೆಂಪಾಯಿತು. ಅಷ್ಟು ದಿನದಲ್ಲಿ ಯಾವ ಕ್ರೀಮಿಗೂ ಆಗದಷ್ಟು ಕೆಂಪು.

“ಇಲ್ಲ ಡಾಕ್ಟ್ರೇ, ಸರಿಯಾಗಿ ನೋಡಿ. ಉರಿಯುತ್ತೆ.”

“ಮುಖಕ್ಕೆ ದಿನಾ ಏನು ಹಚ್ತೀರಾ?”

ಅತ್ತಿಗೆ ಬ್ಯಾಗು ತೆರೆದರು. ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ರಾತ್ರಿಗೆ ರೆಟಿನಾಲ್, ಹಗಲಿಗೆ ವಿಟಮಿನ್ ಸಿ, ವಾರಕ್ಕೆ ಎರಡು ಸಲ ಗ್ಲೈಕೋಲಿಕ್ ಆಸಿಡ್, ಭಾನುವಾರಕ್ಕೆ ಅಕ್ರೋಟಿನ ಸಿಪ್ಪೆಯ ಸ್ಕ್ರಬ್ಬು, ಇದೆಲ್ಲ ಉರಿದರೆ ಹಚ್ಚಿಕೊಳ್ಳಲು ಲೋಳೆಸರ. ಡಾಕ್ಟರಮ್ಮ ಒಂದೊಂದನ್ನೇ ಎತ್ತಿ ಪಕ್ಕಕ್ಕಿಟ್ಟು ಕೊನೆಗೆ ಲೋಳೆಸರವನ್ನೊಂದೇ ಅತ್ತಿಗೆಯ ಕಡೆಗೆ ತಳ್ಳಿದರು. ಉರಿ ಚರ್ಮದ್ದಲ್ಲ, ಈ ಸಂತೆಯದು ಎಂದರು. ರೆಟಿನಾಲ್ ಹಚ್ಚುವವರು ವ್ಯಾಕ್ಸ್ ಮಾಡಿಸಿಕೊಂಡರೆ ಪಟ್ಟಿಯ ಜೊತೆ ಮೇಲ್ಪದರವೂ ಕಿತ್ತು ಬರುತ್ತದೆ, ಪಾರ್ಲರಿನಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ ಎಂದು ಬೇಸರಪಟ್ಟರು.

ಲೇಸರ್ ಬಗ್ಗೆಯೂ ಮಾತಾಯಿತು. ಲೇಸರು ಹುಡುಕುವುದು ಕೂದಲಿನ ಕಪ್ಪನ್ನು. ನಮ್ಮಂಥವರ ಚರ್ಮದಲ್ಲೂ ಆ ಕಪ್ಪೇ ಇರುವುದರಿಂದ, ಸರಿಯಾದ ಯಂತ್ರ, ಸರಿಯಾದ ಕೈ ಎರಡೂ ಇಲ್ಲದಿದ್ದರೆ ಸುಟ್ಟು ಕಲೆ ಉಳಿಯುತ್ತದೆ. ನಮಗೆ 1064 ನ್ಯಾನೊಮೀಟರಿನ ಯಂತ್ರ ಹೆಚ್ಚು ಸುರಕ್ಷಿತವಂತೆ. ತಿಂಗಳಿಗೊಂದರ ಹಾಗೆ ಆರೋ ಎಂಟೋ ಸಲ ಬರಬೇಕು, ಪೂರ್ತಿ ಹೋಗುತ್ತದೆ ಎಂಬ ಭರವಸೆ ಇಲ್ಲ, ಬೆಳ್ಳಗಾದ ಕೂದಲಿಗಂತೂ ನಾಟುವುದೇ ಇಲ್ಲ. “ಮೂರು ವಾರದಲ್ಲಿ ಮದುವೆ ಅಂತೀರಿ. ಮುಖಕ್ಕೆ ಅಂತಲೇ ಪುಟ್ಟ ರೇಜರ್ ಸಿಗುತ್ತೆ. ಮುಖ ಒದ್ದೆ ಮಾಡಿ, ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿಗೇ ಮೆಲ್ಲಗೆ ಎಳೀರಿ. ಸಾಕು.”

ರೇಜರ್! ಆಟೋದಲ್ಲಿ ಬರುವಷ್ಟು ದೂರವೂ ಅತ್ತಿಗೆ ಮಾತಾಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ, “ಬೇರೆ ಡಾಕ್ಟರನ್ನ ನೋಡಬೇಕು. ಇವರಿಗೆ ಅನುಭವ ಸಾಲದು” ಎಂದರು. ಆ ಡಾಕ್ಟರಮ್ಮನಿಗೆ ಕಡಿಮೆಯೆಂದರೂ ಅರವತ್ತು.

ರೇಜರ್ ಆಡಿಸಿದರೆ ಗಡ್ಡ ದಪ್ಪಗೆ ಬರುತ್ತದೆ ಎನ್ನುವುದು ಅವರ ಭಯ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ಅಂಗರಚನಾ ವಿಜ್ಞಾನಿ ನಾಲ್ಕು ಜನ ಗಂಡಸರ ಕ್ಷೌರ ಮಾಡಿಸಿ, ಕೂದಲು ಅಳೆದು, ಹಾಗೇನೂ ಆಗುವುದಿಲ್ಲ ಎಂದು ಬರೆದಿದ್ದಾರೆ. ಚೂಪು ತುದಿ ಹೋಗಿ ಮೊಂಡಾಗುವುದರಿಂದ ಕೈಗೆ ದಪ್ಪ ಅನಿಸುತ್ತದೆ, ಅಷ್ಟೇ. ನಾನು ಇದನ್ನೆಲ್ಲ ಹೇಳಿದೆ. ಅಮೆರಿಕದ ಕಣ್ಣಿನ ಡಾಕ್ಟರನ್ನು ನಂಬಿದವರು ಈ ಅಮ್ಮನನ್ನು ನಂಬಲಿಲ್ಲ. ಸೊಪ್ಪು ಬಿಡಿಸುತ್ತಿದ್ದ ನಮ್ಮಮ್ಮ ತಲೆ ಎತ್ತಿದಳು.

“ನಿನ್ನ ಗಂಡ ತಿರುಪತಿಯಲ್ಲಿ ಮೂರು ಸಲ ಮುಡಿ ಕೊಟ್ಟಿದಾನೆ. ದಪ್ಪಗೆ ಬಂತಾ?”

ನಾವೆಲ್ಲ ಅಣ್ಣನ ತಲೆ ನೋಡಿದೆವು. ಟ್ಯೂಬ್‌ಲೈಟಿನ ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತಿತ್ತು.

ಮುಂದಿನದನ್ನು ಯಾರೂ ಕಣ್ಣಾರೆ ಕಾಣಲಿಲ್ಲ. ಮದುವೆಗೆ ನಾಲ್ಕು ದಿನ ಮುಂಚೆ ಬಚ್ಚಲಮನೆಯ ಬಾಗಿಲು ಮುಕ್ಕಾಲು ಗಂಟೆ ಹಾಕಿತ್ತು. ಮಾರನೆಯ ಬೆಳಿಗ್ಗೆ ಅಣ್ಣ, “ನನ್ನ ಶೇವಿಂಗ್ ಜೆಲ್ ಯಾರು ಖಾಲಿ ಮಾಡಿದ್ದು?” ಎಂದು ಕೂಗಿದ. ಅತ್ತಿಗೆ ಅಡಿಗೆಮನೆಯಲ್ಲಿ ಒಗ್ಗರಣೆ ಜೋರು ಮಾಡಿದರು. ನೆರಳು ಇರಲಿಲ್ಲ. ಕೇಳಿದರೆ, “ರೆಟಿನಾಲ್ ನಿಲ್ಲಿಸಿದೆನಲ್ಲ, ತಾನಾಗೇ ಉದುರಿತು” ಎಂದರು.

ಚಿಕ್ಕಪ್ಪನ ಮನೆಯ ಅರಿಶಿನ ಶಾಸ್ತ್ರದಲ್ಲಿ ಅವರು ಎಂದಿನಂತೆ ಗೋಡೆಯ ಪಕ್ಕ, ಕೈಗೆ ಸಿಗದಷ್ಟು ದೂರದಲ್ಲಿ ಕೂತಿದ್ದರು. ಎಂಬತ್ತೆರಡರ ಸೋದರತ್ತೆಗೆ ಕಣ್ಣು ಮಂಜು, ಸೆನ್ಸಿಟಿವ್ ಗಿನ್ಸಿಟಿವ್ ಎಲ್ಲ ಕೇಳಿಸುವುದೂ ಇಲ್ಲ. ಮದುಮಗಳ ಕೆನ್ನೆಗೆ ಹಚ್ಚಿ ಉಳಿದ ಅರಿಶಿನವನ್ನು, “ಬಾರೇ, ಮುತ್ತೈದೆ” ಎಂದು ಅತ್ತಿಗೆಯ ಎರಡೂ ಕೆನ್ನೆಗೆ, ಮೇಲ್ದುಟಿಗೆ, ಗಲ್ಲಕ್ಕೆ ಹಸ್ತ ತುಂಬ ಬಳಿದುಬಿಟ್ಟರು. ತೇಯ್ದಿದ್ದಾ, ಪ್ಯಾಕೆಟ್ಟಿನದಾ ಎಂದು ಕೇಳಲು ಬಾಯಿ ತೆರೆದರೆ ಅದರೊಳಗೂ ಒಂದಿಷ್ಟು ಹೋಯಿತು. ವಿಡಿಯೋದವನು ಹತ್ತಿರಕ್ಕೆ ಬಂದು ನಿಂತ.

ರಾತ್ರಿ ಊಟ ಮುಗಿಸಿ ಹೋದಾಗ ಅತ್ತಿಗೆ ಚಾಪೆಯ ಮೇಲೆ ಕೂತು ಕೈಗನ್ನಡಿಯಲ್ಲಿ ಕೆನ್ನೆ ನೋಡಿಕೊಳ್ಳುತ್ತಿದ್ದರು. ದದ್ದಿಲ್ಲ, ಗಂಧೆಯಿಲ್ಲ, ಬೆಳದಿಂಗಳಂಥ ಮುಖ.

“ಏನೂ ಆಗಿಲ್ವಲ್ಲ ಅತ್ತಿಗೆ” ಎಂದೆ.

ಅವರು ಗಡಿಯಾರ ನೋಡಿದರು. “ಇಪ್ಪತ್ನಾಲ್ಕು ಗಂಟೆ ಎಲ್ಲಾಯ್ತು? ಇನ್ನೂ ಒಂಬತ್ತೇ ಆಗಿರೋದು.”