ಭ್ರಮರಾಪರಾಧ ನಿರ್ಣಯ

ಉಡುಪಿಯ ಆಸುಪಾಸಿನ ಹೆಂಚಿನ ಮನೆಗಳಲ್ಲಿ, ಗೃಹಸ್ಥನು ಭೋಜನಾನಂತರ ಜಗಲಿಯಲ್ಲಿ ಮೈಚಾಚಿದ ಶುಭಮುಹೂರ್ತದಲ್ಲಿಯೇ ಪಕಾಸಿನಿಂದ ಅವನ ನಾಸಿಕಾಗ್ರಕ್ಕೆ ಉದುರುವ ಮರದ ಹುಡಿಯ ಕರ್ತೃವಾರೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ: ನೀಲಚ್ಛಾಯೆಯ ರೆಕ್ಕೆಗಳುಳ್ಳ ಆ ಕರಿಯ ದುಂಬಿಯೇ ಸರಿ. 1802ರಲ್ಲಿ ಇದರ ಕುಲಕ್ಕೆ ಕ್ಸೈಲೋಕೋಪವೆಂದು ನಾಮಕರಣ ಮಾಡಿದ ಫ್ರೆಂಚ್ ಪಂಡಿತ ಲಾತ್ರೆಯ್, ಕ್ರಾಂತಿಕಾಲದ ಸೆರೆಮನೆಯಲ್ಲಿ ಜೀರುಂಡೆಯೊಂದನ್ನು ಗುರುತಿಸಿದ ಪುಣ್ಯದಿಂದ ತಲೆಯುಳಿಸಿಕೊಂಡವನಾದುದರಿಂದ, ಕೀಟಗಳ ವಿಷಯದಲ್ಲಿ ಅವನ ಸಾಕ್ಷ್ಯವನ್ನು ನಿಷ್ಪಕ್ಷಪಾತವೆಂದು ಅಂಗೀಕರಿಸಲಾಗದು.

ದುಂಬಿಯು ಮನೆಯನ್ನೇ ತಿನ್ನುತ್ತಿದೆಯೆಂಬುದು ಪೂರ್ವಪಕ್ಷ. ಇದು ನಿಲ್ಲದು. ಅದು ಮರವನ್ನು ಕೊರೆದು ಚೆಲ್ಲುವುದೇ ಹೊರತು ಭಕ್ಷಿಸದು. ಬೆರಳು ತೂರುವಷ್ಟು ದುಂಡಗಿನ ದ್ವಾರವನ್ನು ಬೈರಿಗೆಯಿಲ್ಲದೆ ಹಲ್ಲಿನಿಂದಲೇ ತೋಡಿ, ಒಳಗೆ ಥಟ್ಟನೆ ತಿರುಗಿ ಮರದ ಎಳೆಯಗುಂಟ ಸಾಗಿ, ಪರಾಗ ಮಕರಂದಗಳ ಉಂಡೆಯ ಮೇಲೆ ಒಂದೊಂದು ಮೊಟ್ಟೆಯನ್ನಿಟ್ಟು, ಹುಡಿಯ ಗೋಡೆಯಿಂದ ಕೋಣೆಗಳನ್ನು ಮುಚ್ಚುವ ಸಮಸ್ತ ಕಾರ್ಯವೂ ಹೆಣ್ಣಿನದು. ಗಂಡು ಅಂಗಳದಲ್ಲಿ ನಿಂತಲ್ಲೇ ಹಾರುತ್ತ ಬಂದವರನ್ನೆಲ್ಲ ಬೆದರಿಸುವುದು. ಅದಕ್ಕೆ ಕೊಂಡಿಯೇ ಇಲ್ಲ. ಈ ಸಂಸಾರಪದ್ಧತಿಯನ್ನು ಆಕ್ಷೇಪಿಸಲು ಜಗಲಿಯಲ್ಲಿ ಮಲಗಿದವನಿಗೆ ಅಧಿಕಾರವುಂಟೇ ಎಂಬುದು ಪ್ರಕೃತವಲ್ಲ.

ಇನ್ನು ಸಿದ್ಧಾಂತ. ಬದನೆಯ ಹೂವು ತನ್ನ ಪರಾಗವನ್ನು ಕೇಸರದೊಳಗೆ ಬಚ್ಚಿಟ್ಟು, ತುದಿಯಲ್ಲೊಂದು ಸೂಕ್ಷ್ಮರಂಧ್ರವನ್ನು ಮಾತ್ರ ಉಳಿಸಿದೆ. ನಮ್ಮ ಜೇನುನೊಣಕ್ಕೆ ಅದನ್ನು ಹೊರಡಿಸುವ ವಿದ್ಯೆ ತಿಳಿಯದು. ದುಂಬಿಯಾದರೋ ಹೂವನ್ನಪ್ಪಿ, ರೆಕ್ಕೆಗಳನ್ನು ಬೀಸದೆ ಹಾರಾಟದ ಸ್ನಾಯುಗಳನ್ನಷ್ಟೇ ಕಂಪಿಸಿ ಝೇಂಕರಿಸಲು, ಪರಾಗವು ತಾನಾಗಿ ಉದುರುವುದು. ಬದನೆಯು ಸ್ವಪ್ರಯತ್ನದಿಂದಲೂ ಕಾಯಿಬಿಡುವುದು ದಿಟ. ಆದರೆ ಈ ನಾದಸೇವೆಯುಳ್ಳಲ್ಲಿ ಫಸಲು ಮೇಲು. ಯತಿ ವಾದಿರಾಜರ ಪ್ರಸಾದವೆಂದು ಪ್ರಸಿದ್ಧವಾಗಿ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದ ಮಟ್ಟುಗುಳ್ಳವೂ ಬದನೆಯೇ ಆದುದರಿಂದ, ಗುಳ್ಳದ ಕೊದ್ದೆಲನ್ನುಂಡು ಮಲಗಿದವನು ದುಂಬಿಯ ಋಣಿ. ಪಕಾಸಿನ ರಂಧ್ರವು ಬಾಕಿಯಿರುವ ಕೂಲಿಯ ಜಪ್ತಿ.

ಆದರೆ ನೀಳನಾಳದ ಹೂಗಳ ಬುಡವನ್ನು ಹೊರಗಿನಿಂದ ಸೀಳಿ, ಪರಾಗಕಾರ್ಯವನ್ನು ತಪ್ಪಿಸಿ ಮಧುವನ್ನು ಕದಿಯುವ ಚಟವೂ ಈ ದುಂಬಿಗುಂಟು. ಹೆಣ್ಣುಮಕ್ಕಳು ತಾಯಿಯ ಸುರಂಗವನ್ನೇ ವರ್ಷವರ್ಷವೂ ಬೆಳೆಸುತ್ತ ಹೋದರೆ ತೊಲೆಯ ಬಲವೂ ಕುಂದುವುದು. ಆದಕಾರಣ ತೀರ್ಪೇನೆಂದರೆ: ಬಣ್ಣ ಬಳಿದ ಮರವನ್ನು ದುಂಬಿಯು ಸಾಮಾನ್ಯವಾಗಿ ಮುಟ್ಟದಾದುದರಿಂದ ಗೃಹಸ್ಥನು ಪಕಾಸು ರೀಪುಗಳಿಗೆ ಬಣ್ಣ ಬಳಿಸತಕ್ಕದ್ದು, ಬದನೆಯ ಪಾತಿಯ ಬಳಿ ಒಣಮರದ ತುಂಡೊಂದನ್ನು ದುಂಬಿಗೆ ಜೀವನಾಂಶವಾಗಿ ನೆಡತಕ್ಕದ್ದು, ದುಂಬಿಯ ಪಾಲಿನ ಬಣ್ಣದ ಖರ್ಚನ್ನು ಗುಳ್ಳದ ಲೆಕ್ಕದಲ್ಲಿ ವಜಾ ಮಾಡಿಕೊಳ್ಳತಕ್ಕದ್ದು.