ಸ್ವಲ್ಪ ಹೆಲ್ದಿ ಆಗಿದ್ದೀರಾ!

ನಮ್ಮ ಕಡೆ ಆರು ತಿಂಗಳ ಮೇಲೆ ಎದುರಾದವರು ಮೊದಲು ನೋಡುವುದು ಮುಖವನ್ನಲ್ಲ. ಕಣ್ಣು ಕುತ್ತಿಗೆಯಿಂದ ಸೊಂಟದವರೆಗೆ ಇಳಿದು, ಅಲ್ಲಿ ಸ್ವಲ್ಪ ತಂಗಿ, ಮತ್ತೆ ಮೇಲಕ್ಕೆ ಬರುತ್ತದೆ. ಆಮೇಲೆ ತೀರ್ಪು. "ಏನ್ರೀ, ಇಳಿದು ಹೋಗಿದ್ದೀರಲ್ಲ!" ಇಲ್ಲವೇ "ಏನ್ರೀ, ಮೈ ಬಂದಿದೆಯಲ್ಲ!" ಮಧ್ಯದ್ದು ಅಂತ ಒಂದಿಲ್ಲ. "ನೀನು ಹಾಗೇ ಇದ್ದೀಯ ಕಣೇ" ಅನ್ನುವುದು ಇಪ್ಪತ್ತು ವರ್ಷದ ಮೇಲೆ ಸಿಕ್ಕ ಕಾಲೇಜು ಗೆಳತಿಯರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸುಳ್ಳು, ಅದು ಲೆಕ್ಕಕ್ಕಿಲ್ಲ.

ಕಷ್ಟ ಇರುವುದು ತೀರ್ಪು ಬಂದಮೇಲೆ. ಅದು ಹೊಗಳಿಕೆಯೋ ತೆಗಳಿಕೆಯೋ ಅಂತ ಕೇಳಿಸಿಕೊಂಡವರೇ ಗೊತ್ತುಮಾಡಿಕೊಳ್ಳಬೇಕು. ಪಕ್ಕದ ಮನೆಯ ಅಜ್ಜಿ ಹಾಸ್ಟೆಲಿನಿಂದ ಬಂದಿದ್ದ ನನ್ನ ಮಗಳನ್ನು ಕಾಂಪೌಂಡಿನ ಆಚೆಯಿಂದ ಕಣ್ತುಂಬ ನೋಡಿ, "ಈಗ ನೋಡು ಲಕ್ಷಣ! ಮೈಕೈ ತುಂಬಿಕೊಂಡು ಮಹಾಲಕ್ಷ್ಮಿ ಹಾಗೆ ಕಾಣ್ತಿದ್ದೀಯ" ಅಂದರು. ಅವರ ಹತ್ತಿರ ಅದಕ್ಕಿಂತ ದೊಡ್ಡ ಬಿರುದು ಇಲ್ಲ. ಮಗಳು ನಕ್ಕು ಒಳಗೆ ಬಂದವಳು ರಾತ್ರಿ ಊಟಕ್ಕೆ ಏಳಲಿಲ್ಲ. ಮಾರನೆಯ ದಿನದಿಂದ ತಟ್ಟೆಯಲ್ಲಿ ಬರೀ ಸೌತೆಕಾಯಿ. ಸುದ್ದಿ ಹೇಗೋ ಗೋಡೆ ದಾಟಿತು. "ಅಯ್ಯೋ, ಮಗು ಸೊರಗಿಹೋಗುತ್ತೆ" ಅಂತ ಅಜ್ಜಿ ಒಂದು ಡಬ್ಬಿ ರವೆ ಉಂಡೆ ಕಳಿಸಿಕೊಟ್ಟರು. ಉಂಡೆ ತಿಂದವಳು ನಾನು.

ಅಜ್ಜಿಯ ಪರವಾಗಿ ನಾಲ್ಕು ಮಾತು ಹೇಳಲೇಬೇಕು. ಮೈ ತುಂಬುವುದು ನಮ್ಮ ಸೀಮೆಯಲ್ಲಿ ಬಹಳ ಕಾಲ ಸುಲಭದ ಸಂಗತಿಯಾಗಿರಲಿಲ್ಲ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನದು, ಮೈಸೂರು ಸಂಸ್ಥಾನವನ್ನು ಹೇಗೆ ಬಡಿಯಿತೆಂದರೆ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಹತ್ತಿರ ಬಂದು ನಿಂತಿತ್ತು. ಆ ಬರ ಕಂಡವರ ಮೊಮ್ಮಕ್ಕಳು ಮರಿಮಕ್ಕಳು ಅರವತ್ತರ ದಶಕದಲ್ಲಿ ಅಮೆರಿಕದ ಗೋಧಿಗಾಗಿ ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತರು. ಅಂಥ ಮನೆಗಳಲ್ಲಿ "ಇಳಿದು ಹೋಗಿದ್ದೀಯ" ಅನ್ನುವುದು ರೂಪದ ಮಾತಲ್ಲ, ಗಂಡನ ಮನೆಯಲ್ಲಿ ಹೊಟ್ಟೆಗೆ ಸರಿಯಾಗಿ ಹಾಕ್ತಾರಾ ಎಂಬ ವಿಚಾರಣೆ. "ಮೈ ಬಂದಿದೆ" ಅಂದರೆ, ಸದ್ಯ, ಬೀಗರು ಒಳ್ಳೆಯವರು. ತವರಿಗೆ ಬಂದ ಮಗಳ ಕೆನ್ನೆ ನೋಡಿ ತಾಯಂದಿರು ಅಳಿಯನಿಗೆ ಅಂಕ ಕೊಡುತ್ತಿದ್ದರು.

ಈಗ ಆ ಲೆಕ್ಕ ಕಲಸಿಹೋಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 24 ಮಂದಿಯ ತೂಕ ಮಿತಿ ಮೀರಿದೆ, ಸುಮಾರು 19 ಮಂದಿಯದು ಮಿತಿಗೇ ಮುಟ್ಟಿಲ್ಲ. ಒಂದೇ ಸಿಟಿ ಬಸ್ಸಿನಲ್ಲಿ ಎರಡು ಹೊಗಳಿಕೆಗೂ ಗಿರಾಕಿಗಳು ಕೂತಿರುತ್ತಾರೆ. ಯಾರಿಗೆ ಯಾವುದನ್ನು ಕೊಡಬೇಕು ಅಂತ ಕಂಡಕ್ಟರಿಗೂ ತಿಳಿಯುವುದಿಲ್ಲ.

ಎಳೆ ಮಕ್ಕಳ ವಿಚಾರದಲ್ಲಿ ಬೇರೆಯದೇ ಶಾಸ್ತ್ರ. ಮಗು ಗುಂಡುಗುಂಡಗಿದ್ದರೆ ಬಾಯಿಬಿಟ್ಟು ಹೇಳುವಂತಿಲ್ಲ, ದೃಷ್ಟಿಯಾಗುತ್ತದೆ. ತೊಡೆಯಲ್ಲಿ ಮೂರು ಮಡಿಕೆ ಬಿದ್ದ ಕೂಸನ್ನು ಏದುಸಿರು ಬಿಡುತ್ತ ಎತ್ತಿಕೊಂಡು, "ಯಾಕೋ ಬಡವಾಗಿದೆಯಲ್ಲ ಕಂದ" ಅನ್ನುವ ಹೆಂಗಸರನ್ನು ನೋಡಿದ್ದೇನೆ. ಆ ಸುಳ್ಳೇ ಅಲ್ಲಿ ಮರ್ಯಾದೆ. ತಿಳಿಯದವರು ಯಾರೋ "ಎಷ್ಟು ದಪ್ಪಗಿದೆ!" ಅಂದುಬಿಟ್ಟರೆ, ಅವರು ಗೇಟು ದಾಟುವುದರೊಳಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಆಗಿರುತ್ತದೆ. ಅದೇ ಮಗು ಹೈಸ್ಕೂಲಿಗೆ ಹೋಗಿ ಹತ್ತು ಜನರಿಂದ ಡುಮ್ಮ ಅನ್ನಿಸಿಕೊಂಡು ಬಂದಾಗ ಮಾತ್ರ ಯಾರೂ ಮೆಣಸಿನಕಾಯಿ ಸುಡುವುದಿಲ್ಲ.

ಹೆಸರಿಡುವುದರಲ್ಲಿ ನಾವು ಬಡವರೇನಲ್ಲ. ದಪ್ಪಗಿದ್ದರೆ ಡುಮ್ಮ, ಧಡಿಯ, ಠೊಣಪ, ಗುಡಾಣ, ಡ್ರಮ್ಮು. ತೆಳ್ಳಗಿದ್ದರೆ ಸಣಕಲ, ಬಡಕಲ, ಊದುಬತ್ತಿ, ಕಡ್ಡಿ ಪೈಲ್ವಾನ್. ಉದ್ದಕ್ಕಿದ್ದರೆ ಲಂಬೂ, ತೆಂಗಿನಮರ. ಗಿಡ್ಡಗಿದ್ದರೆ ಮೋಟು, ಚೋಟು. ಎಲ್ಲ ಸರಿಯಾದ ಅಳತೆಯಲ್ಲಿ ಇರುವವನಿಗೆ ಮಾತ್ರ ಅಡ್ಡಹೆಸರಿಲ್ಲ, ಪಾಪ. ಇವುಗಳಲ್ಲಿ ನನಗೆ ಪ್ರೀತಿ 'ನರಪೇತಲ'ದ ಮೇಲೆ. ಮುಂದೆ ಒಬ್ಬ ನಾರಾಯಣನನ್ನು ಸೇರಿಸಿ ಹೇಳಿದರಂತೂ ತಾಳ ಹಾಕಬೇಕು ಅನ್ನಿಸುತ್ತದೆ. ಬೈಸಿಕೊಂಡವನಿಗೆ ತಾಳ ಕೇಳಿಸುತ್ತದೋ ಇಲ್ಲವೋ.

ಮಂಗಳೂರು ಕಡೆ ದಪ್ಪಗಿದ್ದರೆ ತೋರ, ತೆಳ್ಳಗಿದ್ದರೆ ಸಪೂರ. ನನ್ನ ಓರಗಿತ್ತಿ ಆ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಮುಖ ನೋಡಿ, "ನಿಶ್ಚಿತಾರ್ಥದ ಫೋಟೋದಲ್ಲಿ ಇದ್ದದ್ದಕ್ಕಿಂತ ನೀವು ಸ್ವಲ್ಪ ತೋರ ಆಗಿದ್ದೀರಿ" ಅಂದಳು. ಏನೋ ಒಳ್ಳೆಯದೇ ಇರಬೇಕು ಅಂದುಕೊಂಡು ಅತ್ತೆ ನಾಚಿಕೊಂಡರು. ನಿಜ ತಿಳಿಯುವ ಹೊತ್ತಿಗೆ ಇಬ್ಬರಿಗೂ ಹೊಂದಿಕೆಯಾಗಿಬಿಟ್ಟಿತ್ತು.

ಬೈಗುಳವೂ ಬಿರುದಾಗಬೇಕಿದ್ದರೆ ಸಂಸ್ಕೃತದಲ್ಲಿ ಬಯ್ಯಬೇಕು. ಲಂಬೋದರ ಅಂದರೆ ಕೈ ಮುಗಿಯುತ್ತೇವೆ, ಡೊಳ್ಳುಹೊಟ್ಟೆ ಅಂದರೆ ಕೈ ಎತ್ತುತ್ತೇವೆ. ಗಣಪನಿಗೆ ಮಾತ್ರ ಎರಡೂ ನಡೆಯುತ್ತದೆ. ಕಡುಬು ಮುಂದಿದ್ದರೆ ಯಾರು ಏನಂದರೂ ಅವನು ಕಿವಿಗೆ ಹಾಕಿಕೊಳ್ಳುವವನಲ್ಲ, ಅಷ್ಟು ದೊಡ್ಡ ಕಿವಿ ಇದ್ದರೂ. ಹಳೆಯ ಕಾವ್ಯದ ನಾಯಕಿಯರೆಲ್ಲ ಗಜಗಮನೆಯರು. ಅದನ್ನೇ ಅಚ್ಚಗನ್ನಡದಲ್ಲಿ "ನೀನು ಆನೆ ನಡೆದ ಹಾಗೆ ನಡೀತೀಯ" ಅಂತ ಹೆಂಡತಿಗೆ ಹೇಳಿ ನೋಡಿ. ಆಮೇಲೆ ರಾತ್ರಿಯ ಊಟಕ್ಕೆ ಹೋಟೆಲು ಹುಡುಕಿಕೊಳ್ಳಿ. ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ ವೆಂಗಿಯಲ್ಲಿ ರಾಜ್ಯ ಕಟ್ಟಿದ, ನಾನೂರು ವರ್ಷಕ್ಕೂ ಮಿಕ್ಕಿ ಆಳಿದ ವಂಶಕ್ಕೆ ಮೂಲಪುರುಷನಾದ. ಇಷ್ಟೆಲ್ಲ ಮಾಡಿದರೂ ಚರಿತ್ರೆಯ ಪುಸ್ತಕದಲ್ಲಿ ಇವತ್ತಿಗೂ ಅವನು ಕುಬ್ಜ ವಿಷ್ಣುವರ್ಧನ. ಮೊದಲು ಬೆನ್ನು, ಆಮೇಲೆ ರಾಜ್ಯ.

ಆದರೆ ಅಡ್ಡಹೆಸರನ್ನೇ ಹಿಡಿದು ಪಳಗಿಸಿದವರೂ ನಮ್ಮಲ್ಲಿದ್ದರು. ಹುಣಸೂರಿನ ದ್ವಾರಕೀಶ್ ಅವರನ್ನೇ ತೆಗೆದುಕೊಳ್ಳಿ. ಬೀದಿಯವರು ಕುಳ್ಳ ಅಂತ ಕೂಗುವ ಮೊದಲು ಆ ಮಾತು ಪೋಸ್ಟರಿನ ಮೇಲೆ ದಪ್ಪಕ್ಷರದಲ್ಲಿ ಬಂದುಬಿಟ್ಟಿತ್ತು. 1972ರಲ್ಲಿ 'ಕುಳ್ಳ ಏಜೆಂಟ್ 000', 1975ರಲ್ಲಿ ವಿಷ್ಣುವರ್ಧನ್ ಜೊತೆ 'ಕಳ್ಳ ಕುಳ್ಳ', 1984ರಲ್ಲಿ 'ಪ್ರಚಂಡ ಕುಳ್ಳ'. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗಲೂ ಜನ 'ಕರ್ನಾಟಕದ ಕುಳ್ಳ' ಅಂತಲೇ ನೆನೆದರು. ಸತ್ತವರನ್ನು ಹಾಗೆ ಕರೆಯುವುದು ಒರಟು ಅಂತ ಯಾರಿಗೂ ಅನ್ನಿಸಲಿಲ್ಲ. ತಮಗಿಂತ ಎತ್ತರದ ನಾಯಕರನ್ನು ಹಾಕಿಕೊಂಡು ಚಿತ್ರ ತೆಗೆಯುತ್ತಿದ್ದ ನಿರ್ಮಾಪಕರೂ ಅವರೇ ಅನ್ನುವುದನ್ನು ಮರೆಯಬೇಡಿ. ಸಂಭಾವನೆ ಕೊಡುವವನ ಎತ್ತರವನ್ನು ಯಾರು ಅಳೆಯುತ್ತಾರೆ?

ಗುಟ್ಟು ಅಲ್ಲೇ ಇದೆ ಅಂತ ನನ್ನ ಅನುಮಾನ. ಪದ ಎಷ್ಟೇ ಒರಟಾಗಿರಲಿ, ತಿರುಗಿಸಿ ಹೇಳುವ ಸ್ವಾತಂತ್ರ್ಯ ಇದ್ದರೆ ಅದು ಆಟ. ನನ್ನ ತಂಗಿಗೆ ನಾನು ಡುಮ್ಮಿ, ನನಗೆ ಅವಳು ಒಣಕಲಿ. ಲೆಕ್ಕ ಅಲ್ಲಿಂದಲ್ಲಿಗೆ ಚುಕ್ತಾ. ಅವಳು ಫೋನು ಮಾಡಿ ಹೆಸರು ಹಿಡಿದು ಕರೆದರೇ ನನಗೆ ಭಯ, ಏನೋ ಆಗಿದೆ ಅಂತ. ಅದೇ ಡುಮ್ಮಿಯನ್ನು ಹೆಣ್ಣು ನೋಡಲು ಬಂದವರು ಅಂದರೆ, ರಜೆ ಮಂಜೂರು ಮಾಡುವ ಸಾಹೇಬರು ಅಂದರೆ, ವಾಪಸ್ ಕೊಡಲು ಬಾಯಿ ಎಲ್ಲಿದೆ? ನಾನು ಓದಿದ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ಒಬ್ಬ ಹುಡುಗನನ್ನು ಗೋದಾಮು ಅಂತ ಕರೆಯುತ್ತಿದ್ದರು. ಮೈದಾನವೆಲ್ಲ ನಗುತ್ತಿತ್ತು, ಹುಡುಗನೂ ನಗುತ್ತಿದ್ದ. ಮೇಷ್ಟ್ರ ಹೊಟ್ಟೆ ಅವನದಕ್ಕಿಂತ ಒಂದು ಗೇಣು ಮುಂದಿತ್ತು. ಅದಕ್ಕೆ ಹೆಸರಿಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಆ ಕಾಲದಲ್ಲಿ ದುಂಡಗಿದ್ದ ಹುಡುಗಿಯರಿಗೆ ಇನ್ನೊಂದು ಹೆಸರು ಕಾದಿರುತ್ತಿತ್ತು: ಟುನ್‌ಟುನ್. ಹಿಂದಿ ಸಿನಿಮಾ ಟೆಂಟಿಗೆ ಬಾರದ ಊರಿಗೂ ಆ ಹೆಸರು ಬಂದಿತ್ತು. ಅದರ ಒಡತಿ ಉಮಾದೇವಿ ಮೊದಲು ಗಾಯಕಿ. 1947ರ 'ದರ್ದ್' ಚಿತ್ರದಲ್ಲಿ ನೌಷಾದ್ ಸಂಗೀತಕ್ಕೆ ಹಾಡಿ ಹೆಸರು ಮಾಡಿದವರು. ಮುಂದೆ ಹಾಸ್ಯನಟಿಯಾದರು. ತೆರೆಯ ಮೇಲೆ ಕಾಣಿಸಿಕೊಂಡರೆ ಸಾಕು, ಸಂಭಾಷಣೆ ಬೇಕಿರಲಿಲ್ಲ, ಜನ ನಗಲು ಶುರು. ಅವರೇನೋ ಅದರಿಂದ ಬಾಳು ಕಟ್ಟಿಕೊಂಡರು, ಸಂತೋಷ. ಆದರೆ ಊರೂರಿನ ಶಾಲೆಗಳಲ್ಲಿ ಅವರ ಹೆಸರು ಹೊತ್ತ ಹುಡುಗಿಯರಿಗೆ ಯಾರೂ ಸಂಭಾವನೆ ಕೊಡಲಿಲ್ಲ. ಅವರಿಗೆ ಹಾಡಲು ಬರುತ್ತದೆಯೇ ಅಂತ ಕೇಳಲೂ ಇಲ್ಲ.

ಗಂಡಸರ ಹೊಟ್ಟೆಗೆ ಮೊದಲಿನಿಂದಲೂ ರಿಯಾಯಿತಿ ಉಂಟು. "ಏನ್ ಪರ್ಸನಾಲಿಟಿ ಗುರು!" ಅಂದರೆ ಅಲ್ಲಿ ಗುಣ ಸ್ವಭಾವದ ಪ್ರಸ್ತಾಪವೇ ಇಲ್ಲ, ಅಗಲ, ಎತ್ತರ, ಬಾಗಿಲು ತುಂಬ ನಿಲ್ಲುವ ರೀತಿ, ಅಷ್ಟೇ. ಅದೇ ಅಗಲದ ಹೆಂಗಸಿಗೆ ಪರ್ಸನಾಲಿಟಿ ಅಂದಿದ್ದನ್ನು ಕೇಳಿದ್ದೀರಾ? ಇನ್ನು ಬಳುಕುವ ಬಳ್ಳಿ ಅನ್ನುವುದು ಹುಡುಗಿಗೆ ಸೊಗಸು, ಹುಡುಗನಿಗೆ ಅಂದರೆ ಅವನು ಮರುದಿನವೇ ಜಿಮ್ಮಿಗೆ ಹೆಸರು ಬರೆಸುತ್ತಾನೆ. ಜಿಮ್ಮಿನವರ ಸಿಕ್ಸ್ ಪ್ಯಾಕ್‌ಗೆ ನಮ್ಮ ಗಂಡಸರು ತಕ್ಷಣ ಉತ್ತರ ಕಂಡುಕೊಂಡರು: ಹೊಟ್ಟೆ ತಟ್ಟಿಕೊಂಡು "ನಂದು ಫ್ಯಾಮಿಲಿ ಪ್ಯಾಕ್" ಅಂದರಾಯಿತು, ಎಲ್ಲರೂ ನಕ್ಕು ಇನ್ನೊಂದು ಪ್ಲೇಟು ಬೋಂಡ ಹೇಳುತ್ತಾರೆ. ಹೆಂಗಸರ ಪಾಲಿಗೆ ಬಂದದ್ದು ಝೀರೋ ಸೈಜ್. 2008ರಲ್ಲಿ 'ತಶನ್' ಚಿತ್ರಕ್ಕಾಗಿ ಕರೀನಾ ಕಪೂರ್ ಮೈ ಇಳಿಸಿದ ಮೇಲೆ ಆ ಮಾತು ನಮ್ಮ ಗಲ್ಲಿಗೂ ಬಂತು. ಪರೀಕ್ಷೆಯಲ್ಲಿ ಸೊನ್ನೆ ತಂದರೆ ಅಪ್ಪನಿಂದ ಏಟು ತಿಂದ ಕಾಲದವಳು ನಾನು. ಸೊನ್ನೆ ತೆಗೆಯಲು ಜನ ದುಡ್ಡು ಕೊಟ್ಟು ಬೆವರು ಸುರಿಸುವ ದಿನ ಬರುತ್ತದೆ ಅಂದುಕೊಂಡಿರಲಿಲ್ಲ.

ಇಷ್ಟರಲ್ಲಿ ನಿಜವಾದ ಸಭ್ಯಸ್ಥ ಅಂದರೆ ನಮ್ಮ ಟೈಲರ್. ಅಳತೆ ತೆಗೆಯುವಾಗ ಹಳೆಯ ಚೀಟಿ ನೋಡುತ್ತಾನೆ, ಹೊಸ ಅಳತೆ ಬರೆದುಕೊಳ್ಳುತ್ತಾನೆ, ಎರಡರ ನಡುವಿನ ಅಂತರದ ಬಗ್ಗೆ ಉಸಿರೆತ್ತುವುದಿಲ್ಲ. "ಒಳಗೆ ಬಟ್ಟೆ ಸ್ವಲ್ಪ ಜಾಸ್ತಿ ಬಿಟ್ಟಿರ್ತೀನಿ ಅಮ್ಮ" ಅಂತಾನೆ. ಬಟ್ಟೆ ಅಂಗಡಿಯ ಹುಡುಗರಿಗೆ ಈ ನಯ ಬಾರದು. ಮೂಲೆಯಿಂದ ಮೂಲೆಗೆ ಕೇಳುವ ಹಾಗೆ "ಮೇಡಂಗೆ ಡಬಲ್ ಎಕ್ಸೆಲ್ ತೋರ್ಸೋ" ಅಂತ ಕೂಗುತ್ತಾರೆ. ನಾನಿನ್ನೂ ಬಾಯಿಯೇ ತೆರೆದಿರುವುದಿಲ್ಲ.

ಇವೆಲ್ಲ ಹೇಗೋ ಸಹಿಸಬಹುದು. ತಡೆಯಲಾಗದ್ದು ಹೆಲ್ದಿ. ದಪ್ಪ ಅನ್ನಬಾರದು ಅಂತ ಕಲಿತ ನಾಗರಿಕರು ಕಂಡುಹಿಡಿದ ಮಾತು ಅದು. ಎಂಥ ಕಾಯಿಲೆ ಇದ್ದರೂ ಸರಿ, ಸೀರೆಯ ನೆರಿಗೆ ಎರಡು ಕಡಿಮೆ ಬಂದರೆ ನೀವು ಹೆಲ್ದಿ. "ಸ್ವಲ್ಪ ಹೆಲ್ದಿ ಆಗಿದ್ದೀರಾ" ಅನ್ನುವಾಗ ಆ 'ಸ್ವಲ್ಪ'ದ ಮೇಲೆ ಒಂದು ಎಳೆತ, ತುಟಿಯ ಮೇಲೆ ಒಂದು ನಗೆ. ಡುಮ್ಮಿ ಅಂದಿದ್ದರೆ ಜಗಳ ಆಡಬಹುದಿತ್ತು. ಹೆಲ್ದಿ ಅಂದವರ ಮೇಲೆ ಏನಂತ ಜಗಳ ತೆಗೆಯುವುದು, ಆರೋಗ್ಯ ಹಾರೈಸಿದರು ಅಂತಲೇ? ಅದಕ್ಕೇ ನನಗೆ ಹೆಲ್ದಿಗಿಂತ ಡುಮ್ಮಿಯೇ ವಾಸಿ.

ಮೊನ್ನೆ ಗೃಹಪ್ರವೇಶವೊಂದರಲ್ಲಿ ದೂರದ ನೆಂಟರೊಬ್ಬರು ಸಿಕ್ಕರು. ಕಣ್ಣು ರೂಢಿಯಂತೆ ಸೊಂಟದವರೆಗೆ ಹೋಗಿ ಬಂತು. "ಸ್ವಲ್ಪ ಹೆಲ್ದಿ ಆಗಿದ್ದೀರಾ ಅಲ್ವಾ?" ನಾನು ಆ ಮಾತನ್ನು ಅಕ್ಷರಶಃ ತೆಗೆದುಕೊಂಡೆ. "ಹೌದು ರೀ, ದೇವರ ದಯ, ಶುಗರ್ ಇಲ್ಲ, ಬಿಪಿ ಇಲ್ಲ. ನಿಮಗೆ?" ಅಂದೆ. ಅವರಿಗೆ ಎರಡೂ ಇತ್ತು, ಜೊತೆಗೆ ಥೈರಾಯ್ಡ್. ಮಾತ್ರೆಗಳ ಹೆಸರು, ಬೆಲೆ, ಬೆಳಗ್ಗೆ ಯಾವುದು, ಊಟದ ಮುಂಚೆ ಯಾವುದು ಅಂತ ಹೇಳುತ್ತ ಹೋದರು. ನನಗೆ ಮೊದಲ ಪಂಕ್ತಿ ತಪ್ಪಿತು. ಎರಡನೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತರು, ಬಡಿಸುವವನನ್ನು ತಡೆದು ತಮ್ಮ ಎಲೆಗೆ ಬರಬೇಕಿದ್ದ ಹೋಳಿಗೆಯನ್ನೂ ನನ್ನ ಎಲೆಗೆ ಹಾಕಿಸಿದರು. "ನಿಮಗೇನು, ತಿನ್ನಿ" ಅಂದರು.